ಯಾವ ಗೇಟು ಮುಚ್ಚಬೇಕೆಂದು ಊರೇ ಹೇಳಲಿ



ಹೊಲಕ್ಕೆ ಹೋಗುವಾಗ ರೈಲು ಹಳಿ ದಾಟಬೇಕಾದವರು ನೀವಾಗಿದ್ದರೆ ಈ ಮಾತು ನಿಮಗೆ. ಅಲ್ಲದಿದ್ದರೂ ಓದಿ, ನಿಮ್ಮ ಬೀಗರ ಊರಿನಲ್ಲಾದರೂ ಒಂದು ಗೇಟು ಇದ್ದೇ ಇರುತ್ತದೆ.

ಒಂದು ದಿನ ಜೀಪಿನಲ್ಲಿ ಯಾರೋ ಬರ್ತಾರೆ. ಪಂಚಾಯ್ತಿ ಕಚೇರಿಯ ಗೋಡೆಗೆ ಒಂದು ಕಾಗದ ಅಂಟಿಸಿ ಹೋಗ್ತಾರೆ. ಇಂಥ ನಂಬರಿನ ಲೆವೆಲ್ ಕ್ರಾಸಿಂಗನ್ನು ಕಾಯಂ ಆಗಿ ಮುಚ್ಚಲಾಗುವುದು, ತಕರಾರು ಇದ್ದವರು ಇಷ್ಟು ದಿನದೊಳಗೆ ತಿಳಿಸತಕ್ಕದ್ದು. ಆ ಕಾಗದ ಓದುವವರು ಊರಿಗೆ ಮೂರು ಜನ. ಗಡುವು ಮುಗಿದು ಜೆಸಿಬಿ ಬಂದು ನಿಂತಾಗ ಇಡೀ ಊರಿಗೆ ಎಚ್ಚರ ಆಗ್ತದೆ. ಹಳಿ ಮೇಲೆ ಕೂರುತ್ತೇವೆ, ಘೋಷಣೆ ಕೂಗುತ್ತೇವೆ, ಶಾಸಕರಿಗೆ ಫೋನ್ ಹಚ್ಚುತ್ತೇವೆ. ಜೆಸಿಬಿ ವಾಪಸ್ ಹೋಗ್ತದೆ. ಗೆದ್ದೆವು ಅಂತ ಹೂವಿನ ಹಾರ ಹಾಕಿಕೊಂಡು ಬರ್ತೇವೆ. ಆರು ತಿಂಗಳು ಬಿಟ್ಟು ಪೊಲೀಸ್ ವ್ಯಾನಿನ ಜೊತೆ ಅದೇ ಜೆಸಿಬಿ ಬರುತ್ತದೆ. ಈ ಸಲ ಹಳಿಯ ಎರಡೂ ಕಡೆ ಗುಂಡಿ ತೋಡಿ, ಕಂಬಿ ನೆಟ್ಟು ಹೋಗುತ್ತದೆ.

ಈ ನಾಟಕದಲ್ಲಿ ನಾನೂ ಪಾತ್ರ ಮಾಡಿದವನೇ. ಹಾರವನ್ನೂ ಹಾಕಿಸಿಕೊಂಡಿದ್ದೇನೆ. ಈಗ ನನ್ನ ಅಭಿಪ್ರಾಯ ಬೇರೆ ಆಗಿದೆ. ಕೆಲವು ಗೇಟುಗಳನ್ನು ಮುಚ್ಚಲೇಬೇಕು. ಯಾವುದನ್ನು ಮುಚ್ಚಬೇಕು, ಯಾವುದನ್ನು ಮುಚ್ಚಬಾರದು ಅನ್ನುವುದನ್ನು ಊರು ಮೊದಲೇ ಕೂತು ತೀರ್ಮಾನ ಮಾಡಬೇಕು, ಮತ್ತು ಮುಚ್ಚುವ ಗೇಟಿಗೆ ತಕ್ಕ ಬೆಲೆ ಕಟ್ಟಿಸಿಕೊಳ್ಳಬೇಕು. ಈ ಮಾತಿಗೆ ನೀವು ಬೈಯುವುದಾದರೆ ಬೈಯಿರಿ, ಪೂರ್ತಿ ಓದಿ ಬೈಯಿರಿ.

ಇಷ್ಟೊಂದು ಗೇಟು ಯಾಕೆ ಬಂದವು, ಅದನ್ನು ಸ್ವಲ್ಪ ನೋಡಿ. ನಮ್ಮ ಬೆಂಗಳೂರು–ಮೈಸೂರು ಹಳಿಯ ಕೆಲಸ 1876–78ರ ಮಹಾಕ್ಷಾಮದ ಕಾಲದಲ್ಲಿ ಬರಗಾಲದ ಕಾಮಗಾರಿಯಾಗಿ ಶುರುವಾದದ್ದು. ಹಸಿದ ಜನ ಮಣ್ಣು ಹೊತ್ತು ಹಾಕಿದ ಏರಿ ಅದು. ಉತ್ತರದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ, ಅದಕ್ಕೂ ಬರವೇ ಕಾರಣ. ಹಳಿ ಹೊಲದ ಮಧ್ಯೆ ಹಾದು ಹೋಯಿತು. ಆಚೆ ಅರ್ಧ ಹೊಲ, ಈಚೆ ಅರ್ಧ ಹೊಲ. ಎಲ್ಲೆಲ್ಲಿ ಬಂಡಿದಾರಿ ಇತ್ತೋ ಅಲ್ಲಲ್ಲಿ ದಾಟಲು ಜಾಗ ಬಿಟ್ಟರು. ಆಗ ಓಡುತ್ತಿದ್ದದ್ದು ದಿನಕ್ಕೆ ಬೆರಳೆಣಿಕೆಯ ರೈಲು, ಸಣ್ಣ ಗೇಜು, ಕಲ್ಲಿದ್ದಲ ಎಂಜಿನ್. ಹೊಗೆ ಎರಡು ಮೈಲಿ ದೂರಕ್ಕೇ ಕಾಣುತ್ತಿತ್ತು. ಎತ್ತುಗಳಿಗೂ ಸದ್ದು ಗೊತ್ತಿತ್ತು.

ಈಗ ಲೆಕ್ಕ ಹಾಕಿ. ಗಂಟೆಗೆ 40 ಕಿ.ಮೀ. ಓಡುವ ರೈಲು ಒಂದು ಕಿ.ಮೀ. ಬರಲು ಒಂದೂವರೆ ನಿಮಿಷ ಬೇಕು. ಗಂಟೆಗೆ 100 ಕಿ.ಮೀ. ಓಡುವ ರೈಲಿಗೆ 36 ಸೆಕೆಂಡು ಸಾಕು. ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ನಡಿಗೆಯ ವೇಗದಲ್ಲಿ ಏರಿ ಹತ್ತಿ, ಜೋಡಿ ಹಳಿ ದಾಟಿ, ಹಿಂದಿನ ಟ್ರೇಲರ್ ಸಮೇತ ಆಚೆ ಇಳಿಯಲು ಇಪ್ಪತ್ತು ಸೆಕೆಂಡಾದರೂ ಹಿಡಿಯುತ್ತದೆ. ನಡುವೆ ಗೇರ್ ಸಿಕ್ಕಿಕೊಂಡರೆ? ಡ್ರೈವರ್ ದೂರದಿಂದಲೇ ಕಂಡು ಬ್ರೇಕ್ ಹಾಕಿದರೂ ಅಂಥ ರೈಲು ನಿಲ್ಲುವ ಹೊತ್ತಿಗೆ ಸುಮಾರು ಒಂದು ಕಿ.ಮೀ. ಓಡಿರುತ್ತದೆ. ಜೋಡಿ ಹಳಿಯದು ಇನ್ನೊಂದು ಕಾಟ, ಒಂದು ರೈಲು ಹೋಯಿತಲ್ಲ ಅಂತ ನಾವು ಕಾಲಿಟ್ಟರೆ ಅದರ ಮರೆಯಲ್ಲಿ ಎದುರಿನಿಂದ ಇನ್ನೊಂದು ಬರುತ್ತಿರುತ್ತದೆ. ವಿದ್ಯುತ್ ಎಂಜಿನ್ನಿಗೆ ಹೊಗೆ ಇಲ್ಲ, ಸದ್ದೂ ಕಡಿಮೆ. 2022ರ ನವೆಂಬರಿನಿಂದ ಮೈಸೂರು ಹಳಿಯ ಮೇಲೆ ವಂದೇ ಭಾರತ್ ಓಡುತ್ತಿದೆ. ಅದೇ ಏರಿ, ಅದೇ ಬಂಡಿದಾರಿ, ರೈಲು ಮಾತ್ರ ಬೇರೆ.

ಕಾವಲಿಲ್ಲದ ಗೇಟುಗಳು ಎಷ್ಟು ಜನರನ್ನು ತಿಂದವು ಅಂತ ನಿಮಗೆ ಹೇಳಬೇಕಾಗಿಲ್ಲ. 2014ರ ಜುಲೈ 24ರಂದು ತೆಲಂಗಾಣದ ಮೆದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಶಾಲಾ ಬಸ್ಸಿಗೆ ರೈಲು ಬಡಿದು ಹದಿನೈದಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳೇ. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರದಲ್ಲಿ ಶಾಲಾ ವ್ಯಾನಿನಲ್ಲಿದ್ದ 13 ಮಕ್ಕಳು ಹೋದರು. ಆಮೇಲೆ ಸರ್ಕಾರಕ್ಕೆ ಅವಸರ ಬಂತು. 2019ರ ಜನವರಿ ಹೊತ್ತಿಗೆ ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲಿದ್ದ ಕಾವಲಿಲ್ಲದ ಗೇಟುಗಳನ್ನೆಲ್ಲ ತೆಗೆದುಹಾಕಿದರು. ಕೆಲವನ್ನು ಮುಚ್ಚಿದರು, ಕೆಲವಕ್ಕೆ ಕಾವಲುಗಾರರನ್ನು ಇಟ್ಟರು, ಕೆಲವು ಕಡೆ ಕೆಳಸೇತುವೆ ಮಾಡಿದರು. ಇದು ಒಳ್ಳೆಯ ಕೆಲಸ, ಒಳ್ಳೆಯದು ಅಂತ ಹೇಳಲು ನಮಗೇನೂ ಸಂಕೋಚ ಬೇಡ.

ಈಗ ಸರದಿ ಬಂದಿರುವುದು ಕಾವಲಿರುವ ಗೇಟುಗಳದ್ದು. ಕಾವಲಿದ್ದರೆ ಭಯವಿಲ್ಲ ಅಂತ ನಾವು ತಿಳಿದಿದ್ದೆವು. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಜಿಲ್ಲೆಯ ಸೆಮ್ಮಂಕುಪ್ಪಂನಲ್ಲಿ ಕಾವಲುಗಾರನಿದ್ದ ಗೇಟಿನಲ್ಲೇ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ಸತ್ತರು. ಅಲ್ಲಿ ಪೂರಾ ತಮ್ಮ ಖರ್ಚಿನಲ್ಲೇ ಕೆಳಸೇತುವೆ ಕಟ್ಟಲು ಮಂಜೂರಾತಿ ಆಗಿತ್ತು, ಜಿಲ್ಲಾಡಳಿತದ ಒಪ್ಪಿಗೆ ಒಂದು ವರ್ಷದಿಂದ ಸಿಕ್ಕಿರಲಿಲ್ಲ ಅಂತ ರೈಲ್ವೆಯವರು ಆಮೇಲೆ ಹೇಳಿದರು. ತಪ್ಪು ಯಾರದು ಅಂತ ನಾನಿಲ್ಲಿ ತೀರ್ಪು ಕೊಡಲು ಕೂತಿಲ್ಲ. ಒಪ್ಪಿಗೆ ಅನ್ನುವ ಒಂದು ಕಾಗದ ಒಂದು ವರ್ಷ ಯಾವುದೋ ಕಡತದಲ್ಲಿ ಮಲಗಿದ್ದರೆ ಏನಾಗಬಹುದು ಅನ್ನುವುದನ್ನು ಮಾತ್ರ ನೋಡಿ. ನಾವು ಹಳಿ ಮೇಲೆ ಕೂತು ವಾಪಸ್ ಕಳಿಸಿದ ಜೆಸಿಬಿಯ ಹಿಂದೆಯೂ ಅಂಥದ್ದೊಂದು ಕಾಗದ ಇರುತ್ತದೆ.

ಇನ್ನು ನಮ್ಮ ಊರಿನ ಕಥೆ. ಊರ ಹೆಸರು ಬೇಡ, ನನಗೆ ನಾಳೆಯೂ ಅಲ್ಲೇ ಬಾಳಬೇಕು.

ನಮಗೆ ಎರಡು ಗೇಟು. ಒಂದಕ್ಕೆ ಕೆರೆ ಗೇಟು ಅಂತಾರೆ, ಇನ್ನೊಂದಕ್ಕೆ ಗೂಡಿನ ಗೇಟು, ಯಾಕಂದ್ರೆ ಅದರಾಚೆ ಒಂದು ಇಟ್ಟಿಗೆ ಗೂಡು ಇತ್ತು. ಎರಡರ ನಡುವೆ ಒಂದು ಕಿ.ಮೀ. ನಮ್ಮ ನಲವತ್ತು ಮನೆಯವರ ಹೊಲ ಇರುವುದು ಕೆರೆ ಗೇಟಿನಾಚೆ. ಹಳಿ ಜೋಡಿ ಮಾಡುವಾಗ ಒಂದು ಗೇಟು ಉಳಿಯುತ್ತದೆ, ಒಂದು ಹೋಗುತ್ತದೆ, ಯಾವುದು ಬೇಕು ಹೇಳಿ ಅಂತ ಕೇಳಿದರು. ಕೇಳಿದರು, ಅದನ್ನು ಒಪ್ಪಿಕೊಳ್ಳಬೇಕು. ನಾವು ಏನು ಹೇಳಿದೆವು? ಎರಡೂ ಬೇಕು. ಮೇಲಿನ ಕೇರಿಯವರು ಗೂಡಿನ ಗೇಟು ಬಿಡೆವು ಅಂದರು. ಗೂಡಿನ ಗೇಟು ಅವರಿಗೆ ಬೇಕಾಗಿರಲಿಲ್ಲ, ಕೆಳಗಿನ ಕೇರಿಯವರ ಮಾತಿಗೆ ತಲೆಬಾಗಬಾರದು, ಅಷ್ಟೇ ವಿಷಯ. ನಾವೂ ಅವರಿಗಿಂತ ಏನೂ ಕಡಿಮೆ ಇರಲಿಲ್ಲ. ಮೂರು ಸಭೆ ನಡೆದವು. ಒಂದರಲ್ಲಿ ಕುರ್ಚಿ ಮುರಿಯಿತು. ಊರು ಹೇಳಲಿಲ್ಲವಾದ್ದರಿಂದ ಗಾಡಿ ಎಣಿಸಿ ತೀರ್ಮಾನ ಮಾಡೋಣ ಅಂದರು. ಎಣಿಸಿದ್ದು ಮೇ ತಿಂಗಳಲ್ಲಿ. ಮೇ ತಿಂಗಳಲ್ಲಿ ಹೊಲದಲ್ಲಿ ಏನಿರುತ್ತೆ? ಕಬ್ಬು ಸಾಗಿ ಮುಗಿದಿತ್ತು, ಉಳುಮೆ ಶುರುವಾಗಿರಲಿಲ್ಲ. ಗೂಡಿಗೆ ಮಾತ್ರ ಅದೇ ಸುಗ್ಗಿ, ದಿನವೂ ಇಟ್ಟಿಗೆ ಲಾರಿ. ಎಣಿಕೆಯಲ್ಲಿ ಗೂಡಿನ ಗೇಟು ಗೆದ್ದಿತು. ಕೆರೆ ಗೇಟು ಮುಚ್ಚಿತು. ಎರಡು ವರ್ಷ ಕಳೆದು ಇಟ್ಟಿಗೆ ಗೂಡೂ ಮುಚ್ಚಿತು. ಈಗ ಆ ಗೇಟಿನಲ್ಲಿ ದಾಟುವವರು ಯಾರೆಂದರೆ ಸುತ್ತಿ ಬಳಸಿ ಬರುವ ನಾವೇ.

ಬೇಡವಾಗಿದ್ದ ಗೇಟನ್ನು ನಾವಾಗಿಯೇ ಬಿಟ್ಟುಕೊಟ್ಟಿದ್ದರೆ ಬೇಕಾದದ್ದು ಉಳಿಯುತ್ತಿತ್ತು. ಇದನ್ನು ನಮಗೆ ಯಾರೂ ಮಾಡಲಿಲ್ಲ, ನಾವೇ ಮಾಡಿಕೊಂಡದ್ದು.

ಆ ಎಣಿಕೆಯ ಗುಟ್ಟು ನೀವು ತಿಳಿದಿರಬೇಕು. ಅದಕ್ಕೆ ಟ್ರೇನ್ ವೆಹಿಕಲ್ ಯೂನಿಟ್ ಅಂತಾರೆ, ಚಿಕ್ಕದಾಗಿ ಟಿವಿಯು. ದಿನಕ್ಕೆ ಎಷ್ಟು ರೈಲು, ಎಷ್ಟು ಗಾಡಿ ಎಂದು ಎಣಿಸಿ ಒಂದನ್ನೊಂದರಿಂದ ಗುಣಿಸುತ್ತಾರೆ. ಲಾರಿ, ಟ್ರ್ಯಾಕ್ಟರ್, ಎತ್ತಿನ ಗಾಡಿಗೆ ಒಂದೊಂದು ಅಂಕ. ಆಟೋಗೆ ಅರ್ಧ. ಮೋಟಾರ್ ಸೈಕಲ್ಲಿಗೆ ಕಾಲು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದು ಬರುವ ಹೆಂಗಸಿಗೆ ಆ ಲೆಕ್ಕದಲ್ಲಿ ಸೊನ್ನೆ. ಮೂವತ್ತು ರೈಲು ಓಡುವ ಕಡೆ ದಿನಕ್ಕೆ ಅರವತ್ತು ಗಾಡಿ ದಾಟಿದರೆ 1,800 ಆಯಿತು. ರಾಜ್ಯ ಸರ್ಕಾರದ ಜೊತೆ ಖರ್ಚು ಹಂಚಿಕೊಂಡು ಮೇಲ್ಸೇತುವೆ ಕಟ್ಟಲು ಬಹುಕಾಲ ಬಳಸಿದ ಅಳತೆ ಒಂದು ಲಕ್ಷ. ಮೂವತ್ತು ರೈಲಿನ ಹಳಿಯಲ್ಲಿ ಒಂದು ಲಕ್ಷ ಆಗಬೇಕಾದರೆ ದಿನಕ್ಕೆ ಮೂರು ಸಾವಿರದ ಮುನ್ನೂರು ಗಾಡಿ ಓಡಬೇಕು. ಯಾವ ಹಳ್ಳಿಯ ಬಂಡಿದಾರಿಯಲ್ಲಿ ಓಡುತ್ತೆ ಸ್ವಾಮಿ? ಹಾಗಾಗಿ ನಮ್ಮ ಗೇಟುಗಳೆಲ್ಲ ಆ ಪುಸ್ತಕದಲ್ಲಿ ಬೇಡವಾದ ಗೇಟುಗಳ ಹಾಗೇ ಕಾಣುತ್ತವೆ. ನಿಜವಾಗಿ ಬೇಡವಾದದ್ದು ಯಾವುದು, ವರ್ಷದಲ್ಲಿ ನಾಲ್ಕು ತಿಂಗಳು ಜೀವನಾಡಿಯಾಗಿರುವುದು ಯಾವುದು, ಅದು ಗೊತ್ತಿರುವುದು ಊರವರಿಗೆ ಮಾತ್ರ. ಎಣಿಕೆಗೆ ಬಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ತಿಂಗಳಲ್ಲಿ ಎಣಿಸ್ತೀರಿ? ಸುಗ್ಗಿಯಲ್ಲೂ ಒಂದು ಸಲ ಎಣಿಸಿ ಅಂತ ಬರೆದು ಕೊಡಿ. ನಮ್ಮ ಹುಡುಗರನ್ನೇ ಗೇಟಿನ ಹತ್ತಿರ ಏಳು ದಿನ ಕೂರಿಸಿ ಬರೆಸಿದರೂ ಆಯಿತು, ನಡೆಯುವವರನ್ನೂ ಸೇರಿಸಿ.

ಕೆರೆ ಗೇಟು ಹೋದದ್ದರಿಂದ ನಮಗಾದ ನಷ್ಟ ಎಷ್ಟು ಅಂತ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಮೂರು ಎಕರೆ ಕಬ್ಬಿನ ಸಂಸಾರ ಅಂತ ಇಟ್ಟುಕೊಳ್ಳಿ. ಒಂದು ಸಲಕ್ಕೆ 2 ಕಿ.ಮೀ. ಸುತ್ತು, ಹೋಗಿ ಬರಲು 4 ಕಿ.ಮೀ. ಎಕರೆಗೆ 40 ಟನ್ನಿನ ಹಾಗೆ 120 ಟನ್ ಕಬ್ಬು, ಲೋಡಿಗೆ 15 ಟನ್ ಅಂದರೆ ಎಂಟು ಲೋಡು, 32 ಕಿ.ಮೀ. ಹೆಚ್ಚು ಓಟ. ಲೀಟರಿಗೆ 3 ಕಿ.ಮೀ. ಬಂದರೆ ಹನ್ನೊಂದು ಲೀಟರ್ ಡೀಸೆಲ್, ಸುಮಾರು ಸಾವಿರ ರೂಪಾಯಿ. ಇಷ್ಟೇನಾ ಅನ್ನಿಸಿತು. ನಾವು ಸಭೆಗಳಲ್ಲಿ ಕೂಗಾಡಿದ್ದು ಕಬ್ಬಿನ ಟ್ರ್ಯಾಕ್ಟರಿನ ಬಗ್ಗೆಯೇ! ಆಮೇಲೆ ಮೋಟಾರ್ ಸೈಕಲ್ ಲೆಕ್ಕಕ್ಕೆ ಬಂದೆ. ದಿನಕ್ಕೆ ಎರಡು ಸಲ ಹೊಲಕ್ಕೆ ಹೋಗಿ ಬಂದರೆ 8 ಕಿ.ಮೀ., ವರ್ಷಕ್ಕೆ 300 ದಿನ ಅಂದರೆ 2,400 ಕಿ.ಮೀ. ಲೀಟರಿಗೆ 50 ಬಂದರೆ 48 ಲೀಟರ್, ಲೀಟರಿಗೆ ನೂರರ ಹಾಗೆ 4,800 ರೂಪಾಯಿ. ಕೊನೆಗೆ ಕೂಲಿ. ನಡೆದು ಬರುವವರಿಗೆ 4 ಕಿ.ಮೀ. ಅಂದರೆ ದಿನಕ್ಕೆ ಒಂದು ಗಂಟೆ. ವರ್ಷಕ್ಕೆ 150 ಆಳಿನ ಕೆಲಸ ಅಂದರೆ 150 ಗಂಟೆ, ಎಂಟು ಗಂಟೆಯ ದಿನಕ್ಕೆ ಹತ್ತೊಂಬತ್ತು ಆಳು. ಆಳಿಗೆ 400 ಅಂದರೂ 7,600. ಅವರು ಒಂದು ಗಂಟೆ ತಡವಾಗಿ ಬರ್ತಾರೆ, ನಾವು ಕೊಡುವ ಕೂಲಿ ಅಷ್ಟೇ. ಬೇಗ ಬಾ ಅಂದರೆ ಅವರ ನಿದ್ದೆಯ ಒಂದು ಗಂಟೆಯನ್ನು ನಾವು ಕದ್ದ ಹಾಗೆ. ಒಟ್ಟು 13,400 ರೂಪಾಯಿ, ನಲವತ್ತು ಮನೆಗೆ ವರ್ಷಕ್ಕೆ 5 ಲಕ್ಷ 36 ಸಾವಿರ.

ಗಮನಿಸಿ, ಎಲ್ಲಕ್ಕಿಂತ ದೊಡ್ಡ ಮೊತ್ತ ಯಾವುದು? ಟಿವಿಯು ಲೆಕ್ಕದಲ್ಲಿ ಸೊನ್ನೆಯಾಗಿದ್ದ ಕಾಲ್ನಡಿಗೆಯವರದ್ದು.

ಈ 13,400 ಯಾವ ಬೆಂಬಲ ಬೆಲೆಯಲ್ಲೂ ಸೇರುವುದಿಲ್ಲ, ಯಾವ ಬೆಳೆ ವಿಮೆಯಲ್ಲೂ ಬರುವುದಿಲ್ಲ. ಸೊಸೈಟಿ ಸಾಲದ ಬಡ್ಡಿಯ ಜೊತೆ ಸದ್ದಿಲ್ಲದೆ ಬೆಳೆಯುತ್ತದೆ. ದಾರಿ ಕೆಟ್ಟ ಹೊಲದ ಬೆಲೆಯೂ ಇಳಿಯುತ್ತದೆ. ಮಗಳ ಮದುವೆಗೋ ಆಸ್ಪತ್ರೆಗೋ ಅಂತ ಒಂದು ತುಂಡು ಮಾರಲು ಹೋದಾಗ ಇದು ನಿಮಗೆ ಗೊತ್ತಾಗುತ್ತದೆ. ಇನ್ನೊಂದು ಕಡೆಯ ಲೆಕ್ಕವನ್ನೂ ಮರೆಯಬಾರದು. ಗೇಟು ಇದ್ದರೆ ಖರ್ಚೇ ಇಲ್ಲ ಅಂತಲ್ಲ. ರೈಲು ಹೆಚ್ಚಾದಷ್ಟೂ ಗೇಟು ಹಾಕಿಯೇ ಇರುತ್ತದೆ. ಹಾಲಿನ ಕ್ಯಾನು ಹಿಡಿದು ಬಿಸಿಲಲ್ಲಿ ಕಾದವರಿಗೆ ಗೊತ್ತು. ಕಾಯಲಾರದೆ ಕಂಬಿ ಕೆಳಗೆ ನುಸುಳುವವರು ನಮ್ಮ ಮಕ್ಕಳೇ. ಮನೆಯ ಯಜಮಾನ ಹಳಿ ಮೇಲೆ ಹೋದರೆ ಅವನ ಸಾಲ ಅವನ ಜೊತೆ ಹೋಗುವುದಿಲ್ಲ, ಅವನು ಬಿಟ್ಟುಹೋದ ಜಮೀನಿನ ಮೇಲೆ ನಿಲ್ಲುತ್ತದೆ.

ಕಾನೂನು ಏನು ಹೇಳುತ್ತೆ ಅಂತ ಕೇಳುವವರಿಗೆ ಎರಡು ಮಾತು. 1989ರ ರೈಲ್ವೆ ಕಾಯಿದೆಯ 16ನೇ ಕಲಮನ್ನು ಯಾರಾದರೂ ವಕೀಲರಿಂದ ಓದಿಸಿ ಕೇಳಿ. ಹಳಿಯಿಂದ ಜಮೀನಿನ ಬಳಕೆಗೆ ತೊಂದರೆಯಾದರೆ ಅಕ್ಕಪಕ್ಕದ ಹೊಲದವರಿಗೆ ದಾಟುದಾರಿ, ಸೇತುವೆ, ಮೋರಿ ಮಾಡಿಕೊಡುವುದು ರೈಲ್ವೆಯ ಕರ್ತವ್ಯ. ಹಳಿ ಬರುವುದಕ್ಕೆ ಮುಂಚೆ ನೀರು ಹೇಗೆ ಹರಿಯುತ್ತಿತ್ತೋ ಹಾಗೇ ಸಲೀಸಾಗಿ ಹರಿಯುವಂತೆ ಮಾಡುವುದೂ ಅದರದೇ ಕೆಲಸ. ಇದು ಬ್ರಿಟಿಷರ 1890ರ ಕಾಯಿದೆಯಿಂದಲೂ ಬಂದ ಮಾತು. ಆದರೆ ಅದರಲ್ಲೇ ಒಂದು ಮುಳ್ಳಿದೆ. ಆ ಹಳಿಯ ಮೇಲೆ ಸಾರ್ವಜನಿಕ ಸಂಚಾರ ಶುರುವಾಗಿ ಹತ್ತು ವರ್ಷ ಕಳೆದ ಮೇಲೆ ಜಮೀನಿನವರಿಗಾಗಿ ಹೆಚ್ಚಿನ ದಾಟುದಾರಿಯನ್ನು ತನ್ನ ಖರ್ಚಿನಲ್ಲಿ ಮಾಡಿಕೊಡು ಅಂತ ರೈಲ್ವೆಯನ್ನು ಬಲವಂತ ಮಾಡುವಂತಿಲ್ಲ. ಬೇಕಾದರೆ 17ನೇ ಕಲಮಿನ ಪ್ರಕಾರ ನೀವೇ ಖರ್ಚು ಕೊಟ್ಟು ಮಾಡಿಸಿಕೊಳ್ಳಿ ಅನ್ನುತ್ತದೆ. ನಮ್ಮ ಹಳಿಗಳಲ್ಲಿ ಬಹುಪಾಲು ನೂರು ವರ್ಷ ದಾಟಿದವು. ಅಂದರೆ ಇಂದು ಕೈಬಿಟ್ಟ ಗೇಟನ್ನು ನಾಳೆ ಕೇಳಿ ಪಡೆಯುವುದು ಆಗದ ಮಾತು. ಕೇಳುವುದನ್ನೆಲ್ಲ ಕೈಬಿಡುವ ಮೊದಲೇ ಕೇಳಬೇಕು.

ಕೇಳುವುದಕ್ಕೆ ನಮಗೇನು ಬಲ ಇದೆ ಅಂತೀರಾ? ಇದೆ. ಒಂದು ಗೇಟಿಗೆ ಎಂಟು ಗಂಟೆಯ ಪಾಳಿಯಂತೆ ಮೂವರು ಕಾವಲುಗಾರರು ಬೇಕು, ರಜೆಗೆ ಇನ್ನೊಬ್ಬ. ಗೇಟು ಮುಚ್ಚಿದರೆ ಆ ಸಂಬಳ ವರ್ಷ ವರ್ಷವೂ ಉಳಿಯುತ್ತದೆ, ರೈಲೂ ವೇಗವಾಗಿ ಹೋಗುತ್ತದೆ. ಅಣುವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ಸುರಕ್ಷತಾ ಸಮಿತಿ 2012ರಲ್ಲಿ ವರದಿ ಕೊಟ್ಟು, ಐದು ವರ್ಷದಲ್ಲಿ ಎಲ್ಲ ಲೆವೆಲ್ ಕ್ರಾಸಿಂಗುಗಳನ್ನೂ ತೆಗೆಯಿರಿ, ಅದಕ್ಕೆ 50,000 ಕೋಟಿ ರೂಪಾಯಿ ಬೇಕು, ಉಳಿತಾಯದಿಂದಲೇ ಏಳೆಂಟು ವರ್ಷದಲ್ಲಿ ಆ ಹಣ ವಾಪಸ್ ಬರುತ್ತದೆ ಅಂತ ಲೆಕ್ಕ ಕೊಟ್ಟಿತ್ತು. ಗೇಟು ಮುಚ್ಚುವುದರಲ್ಲಿ ರೈಲ್ವೆಗೆ ಲಾಭ ಇದೆ ಅಂತ ಅವರದೇ ಲೆಕ್ಕ ಹೇಳಿದ ಮೇಲೆ ಆ ಲಾಭದಲ್ಲಿ ಊರಿಗೂ ಒಂದು ಪಾಲು ಕೇಳುವುದರಲ್ಲಿ ತಪ್ಪೇನು?

ಅಮೆರಿಕದಲ್ಲಿ ಹಾಗೇ ಮಾಡ್ತಾರೆ. ಅಲ್ಲಿ ಹಳಿಗಳು ಹೆಚ್ಚಾಗಿ ಖಾಸಗಿ ಕಂಪನಿಗಳವು, ದಾಟುದಾರಿ ಊರಿನ ಸ್ಥಳೀಯ ಸರ್ಕಾರದ ಕೈಯಲ್ಲಿ. ಊರಿನವರು ಬೇಡವಾದ ಒಂದು ಕ್ರಾಸಿಂಗನ್ನು ಕಾಯಂ ಆಗಿ ಮುಚ್ಚಲು ಒಪ್ಪಿದರೆ ರೈಲು ಕಂಪನಿ ಅವರಿಗೆ ಹಣ ಕೊಡುತ್ತದೆ, ಅದಕ್ಕೆ ಸಮನಾಗಿ ಕೇಂದ್ರದ ನಿಧಿಯಿಂದಲೂ ಕೊಡಬಹುದು. ಮೊದಲು ಆ ನಿಧಿಯ ಮಿತಿ 7,500 ಡಾಲರ್ ಇತ್ತು. ಅಷ್ಟಕ್ಕೆ ಯಾರು ಒಪ್ತಾರೆ? 2021ರ ಕಾನೂನಿನಲ್ಲಿ ಅದನ್ನು ಒಂದು ಲಕ್ಷ ಡಾಲರಿಗೆ ಏರಿಸಿದರು. ಆ ನಿಧಿಯಿಂದ ಬಂದದ್ದನ್ನು ಊರು ರಸ್ತೆ ಸುರಕ್ಷತೆಗೇ ಬಳಸಬೇಕು ಅಂತ ಕಟ್ಟಳೆ. ಅಮೆರಿಕದವರು ಮಾಡಿದ್ದೆಲ್ಲ ನಮಗೆ ವೇದ ಅಲ್ಲ. ಆದರೆ ಊರಿನ ಒಪ್ಪಿಗೆಗೆ ಒಂದು ಬೆಲೆ ಇದೆ ಅನ್ನುವುದನ್ನು ಅವರು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಮುಚ್ಚಿದ ಗೇಟಿಗೆ ಪಂಚಾಯ್ತಿಗೆ ಇಷ್ಟು ಅಂತ ಕೊಡುವ ಕ್ರಮ ಬರಬೇಕು, ಅದನ್ನು ನಾವು ಕೇಳಬೇಕು.

ನಮಗೆ ಹಣಕ್ಕಿಂತ ಮೊದಲು ಬೇಕಾದದ್ದು ರಸ್ತೆ. ಮುಚ್ಚುವ ಗೇಟಿನಿಂದ ಉಳಿಯುವ ಗೇಟಿನವರೆಗೆ ಹಳಿಯ ಎರಡೂ ಪಕ್ಕದಲ್ಲಿ ಮಳೆಗಾಲದಲ್ಲೂ ಟ್ರ್ಯಾಕ್ಟರ್ ಹೋಗುವಂಥ ಗಟ್ಟಿ ದಾರಿ ಆಗಬೇಕು. ಎರಡೂ ಪಕ್ಕ ಅಂತ ಒತ್ತಿ ಹೇಳ್ತೇನೆ. ಒಂದು ಪಕ್ಕ ಮಾಡಿ ಕೈತೊಳೆದುಕೊಂಡ ಕಡೆ ಏನಾಗಿದೆ ಗೊತ್ತೇ, ಆಚೆ ಕಡೆ ಪಕ್ಕದ ಹೊಲದವನ ಬದುವಿನ ಮೇಲೆ ಓಡಾಟ ಶುರುವಾಗಿ, ಮೊದಲ ವರ್ಷ ಮಾತು, ಎರಡನೇ ವರ್ಷ ದೊಣ್ಣೆ, ಮೂರನೇ ವರ್ಷ ಕೋರ್ಟು. ದಾರಿಗೆ ಯಾರ ಜಮೀನು ಹೋಗುತ್ತೋ ಅವನಿಗೆ ಪರಿಹಾರ ಸಿಗಬೇಕು, ಗ್ರಾಮನಕಾಶೆಯಲ್ಲಿ ಆ ದಾರಿ ಏರಬೇಕು. ದಾರಿ ಮೊದಲು, ಬೀಗ ಆಮೇಲೆ. ಈ ಕ್ರಮ ತಿರುಗಿದರೆ ದಾರಿ ಆಗುವುದೇ ಇಲ್ಲ.

ಕೆಳಸೇತುವೆಯ ಬಗ್ಗೆ ನೀವು ಕೇಳಿಯೇ ಕೇಳ್ತೀರಿ. ನಮ್ಮ ಜನಕ್ಕೆ ಗೇಟು ಮುಚ್ಚುವುದಕ್ಕಿಂತ ಅದರ ಮೇಲೇ ಸಿಟ್ಟು, ಆ ಸಿಟ್ಟಿಗೆ ಕಾರಣವೂ ಇದೆ. ಏರಿಯ ಕೆಳಗೆ ಪೆಟ್ಟಿಗೆ ತೂರಿಸಿದ ಹಾಗೆ ಕಾಂಕ್ರೀಟು ಇಟ್ಟು, ಎರಡೂ ಕಡೆ ಇಳಿಜಾರು ಮಾಡ್ತಾರೆ. ಅದು ಊರಿನ ಅತಿ ತಗ್ಗು ಜಾಗ. ಮಳೆ ಬಂದರೆ ನೀರು ಎಲ್ಲಿಗೆ ಹೋಗಬೇಕು? ಪಂಪ್ ಇಟ್ಟಿದ್ದೇವೆ ಅಂತಾರೆ. ಮಳೆ ಬಂದ ರಾತ್ರಿ ಕರೆಂಟು ಇರುತ್ತಾ? 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ತುಡೈಯೂರಿನಲ್ಲಿ ರೈಲ್ವೆ ಕೆಳಸೇತುವೆಯಲ್ಲಿ ನಿಂತಿದ್ದ ಮಳೆನೀರಿಗೆ ಕಾರು ಸಿಕ್ಕಿಕೊಂಡು ಒಬ್ಬ ಸರ್ಕಾರಿ ವೈದ್ಯೆ ಮುಳುಗಿ ಸತ್ತರು. ಹಳಿಯ ಸಾವು ತಪ್ಪಿಸಲು ಹೋಗಿ ನೀರಿನ ಸಾವು ತಂದ ಹಾಗಾಯಿತು. ಹಾಗಂತ ಎಲ್ಲ ಕೆಳಸೇತುವೆಯೂ ಕೆಟ್ಟದ್ದಲ್ಲ. ಹಳಿ ಎತ್ತರದ ಏರಿಯ ಮೇಲಿದ್ದು, ಹೊಲ ಕೆಳಗಿರುವ ಕಡೆ ನೀರು ತಾನಾಗಿಯೇ ಹಳ್ಳಕ್ಕೆ ಇಳಿಯುತ್ತದೆ. ಅಂಥಲ್ಲಿ ಅದು ಗೇಟಿಗಿಂತ ನೂರು ಪಾಲು ಮೇಲು, ಇಪ್ಪತ್ತನಾಲ್ಕು ಗಂಟೆಯೂ ದಾರಿ ತೆರೆದಿರುತ್ತದೆ. ಹಳಿ ಹೊಲದ ಮಟ್ಟದಲ್ಲೇ ಇರುವ ಕಡೆ ಅದು ಬಾವಿ. ನಿಮ್ಮ ಗೇಟು ಯಾವ ಜಾತಿಯದು ಅನ್ನುವುದನ್ನು ಎಂಜಿನಿಯರಿಗಿಂತ ಮೊದಲು ನಿಮ್ಮ ಊರಿನ ನೀರುಗಂಟಿ ಹೇಳುತ್ತಾನೆ. ಅವನನ್ನು ಕೇಳಿ. ನೀರು ಪಂಪಿಲ್ಲದೆ ಹೊರಹೋಗುವ ದಾರಿಯನ್ನು ನಕ್ಷೆಯಲ್ಲಿ ತೋರಿಸದ ಹೊರತು ರುಜು ಹಾಕಬೇಡಿ.

ಊರು ಕೂರುವುದು ಹೇಗೆ ಅನ್ನುವುದೇ ಕಷ್ಟದ ಭಾಗ. ಸಭೆ ಅಂದರೆ ಕುರ್ಚಿ ಹಾಕಿ ಮೈಕು ಕಟ್ಟುವುದಲ್ಲ. ನಮ್ಮದು ಕೆಟ್ಟದ್ದೇ ಅಲ್ಲಿ. ಮೊದಲು ಹತ್ತು ಜನ ಹಳಿಯ ಪಕ್ಕ ನಡೆಯಿರಿ, ಒಂದು ಗೇಟಿನಿಂದ ಇನ್ನೊಂದಕ್ಕೆ. ಎರಡೂ ಕೇರಿಯವರು ಇರಲಿ, ಕೂಲಿಗೆ ಹೋಗುವ ಹೆಂಗಸರು ಇರಲಿ, ಕುರಿಯವನು ಇರಲಿ. ಹೊಲ ಇದ್ದವರು ಮಾತ್ರ ಊರು ಅಂತ ತಿಳಿಯುವುದು ನಮ್ಮ ಹಳೇ ರೋಗ, ಮೇಲಿನ ಲೆಕ್ಕದಲ್ಲಿ ಅದಕ್ಕೆ 7,600 ರೂಪಾಯಿ ದಂಡ ಬಿದ್ದದ್ದನ್ನು ನೋಡಿದಿರಿ. ನಡೆಯುವಾಗ ಪ್ರತಿ ಗೇಟಿನಲ್ಲೂ ನಿಂತು ಕೇಳಿ, ಇದು ಇಲ್ಲದಿದ್ದರೆ ಯಾರಿಗೆ ಎಷ್ಟು ದೂರ? ನೂರು ಮಾರು ಹೆಚ್ಚು ನಡೆಯಬೇಕಾದವರು ನಾಲ್ಕು ಮನೆಯವರಾದರೆ ಆ ಗೇಟಿಗಾಗಿ ಇಡೀ ಊರು ಹಳಿ ಮೇಲೆ ಕೂರುವುದು ಬೇಡ. ಮಾತನ್ನು ಅಲ್ಲೇ, ನಿಂತ ಜಾಗದಲ್ಲೇ ಮುಗಿಸಿ. ಕಟ್ಟೆಗೆ ಬಂದ ಮೇಲೆ ಗೇಟು ಮರೆತು ಮೀಸೆ ನೆನಪಾಗುತ್ತದೆ.

ಆಮೇಲೆ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಈ ಗೇಟು ಬಿಟ್ಟುಕೊಡುತ್ತೇವೆ, ಈ ಗೇಟು ಬಿಡೆವು, ಬಿಟ್ಟುಕೊಡುವುದಕ್ಕೆ ಇಂತಿಂಥ ಷರತ್ತು, ಇಂಥ ಕ್ರಮದಲ್ಲಿ. ಕಾವಲಿರುವ ಗೇಟು ಮುಚ್ಚಲು ರೈಲ್ವೆ ಜಿಲ್ಲಾಧಿಕಾರಿಯ ಒಪ್ಪಿಗೆ ಕೇಳುತ್ತದೆ. ನಿಮ್ಮ ನಡಾವಳಿ ಜಿಲ್ಲಾಧಿಕಾರಿಯ ಮೇಜಿಗೆ ರೈಲ್ವೆಯ ಕಾಗದಕ್ಕಿಂತ ಮೊದಲು ಹೋಗಿ ಕೂರಲಿ, ಸ್ವೀಕೃತಿಯ ಮೊಹರು ಹಾಕಿದ ಪ್ರತಿ ನಿಮ್ಮ ಹತ್ತಿರ ಇರಲಿ. ಬೇಡವಾದ ಗೇಟನ್ನು ತಾನಾಗಿಯೇ ಬಿಟ್ಟುಕೊಡುವ ಊರು ಬೇಕಾದ ಗೇಟನ್ನು ಕೇಳಿದಾಗ ಅಧಿಕಾರಿಗೂ ಇಲ್ಲ ಅನ್ನುವುದು ಸುಲಭ ಅಲ್ಲ. ಎಲ್ಲದಕ್ಕೂ ಬೇಡ ಅನ್ನುವ ಊರಿನ ಮಾತನ್ನು ಅವನು ಪೊಲೀಸ್ ವ್ಯಾನಿನಲ್ಲಿ ಬಗೆಹರಿಸುತ್ತಾನೆ.

ನಮ್ಮ ಮುಖಂಡರಿಗೂ ಒಂದು ಮಾತು. ಪ್ರತಿ ಗೇಟಿಗೂ ಒಂದೊಂದು ಚಳವಳಿ ಮಾಡಿದರೆ ಹೆಸರು ಬರುತ್ತದೆ, ನಿಜ. ಮೂರು ಗೇಟಿಗೆ ಕೂಗಿ ಮೂರನ್ನೂ ಕಳೆದುಕೊಂಡ ಊರುಗಳು ಆ ಹೆಸರನ್ನು ಏನು ಮಾಡಬೇಕು?

ನಮ್ಮೂರಲ್ಲಿ ಈಗ ಗೂಡಿನ ಗೇಟಿನ ಜಾಗದಲ್ಲಿ ಕೆಳಸೇತುವೆ ಅನ್ನುವ ಮಾತು ಎದ್ದಿದೆ. ಈ ಸಲ ಇಟ್ಟಿಗೆ ಲಾರಿ ಇಲ್ಲ, ಕುರ್ಚಿಯೂ ಹಾಕಿಲ್ಲ. ಮೊನ್ನೆ ಮೇಲಿನ ಕೇರಿಯ ಐದು ಜನ, ನಮ್ಮ ಕೇರಿಯ ಐದು ಜನ ಒಂದು ಉದ್ದದ ಬಿದಿರು ಗಳ ಹಿಡಿದು ಹೊರಟೆವು. ತುಂಬಿದ ಕಬ್ಬಿನ ಟ್ರೇಲರ್ ಪಕ್ಕ ಗಳ ನಿಲ್ಲಿಸಿ ನೆತ್ತಿಗೆ ಸರಿಯಾಗಿ ಸುಣ್ಣದ ಗುರುತು ಹಾಕಿದೆವು. ಹುಲ್ಲಿನ ಲೋಡಿಗೆ ಇನ್ನೊಂದು ಗುರುತು, ಬಾಡಿಗೆಗೆ ಬರುವ ಕೊಯ್ಲು ಯಂತ್ರಕ್ಕೆ ಮತ್ತೊಂದು. ಕಳೆದ ವರ್ಷ ದೊಡ್ಡ ಮಳೆಯಲ್ಲಿ ಆ ಜಾಗದಲ್ಲಿ ನೀರು ಎಲ್ಲಿವರೆಗೆ ನಿಂತಿತ್ತು ಅನ್ನುವುದಕ್ಕೆ ಕುರಿಯವನು ತನ್ನ ಸೊಂಟ ತೋರಿಸಿದ, ಅದನ್ನೂ ಗುರುತು ಮಾಡಿದೆವು. ಎಂಜಿನಿಯರ್ ಬಂದಾಗ ನಕ್ಷೆಯ ಪಕ್ಕ ಇಡಲು ಆ ಗಳವನ್ನು ಪಂಚಾಯ್ತಿ ಕಚೇರಿಯ ಮೂಲೆಯಲ್ಲಿ ನಿಲ್ಲಿಸಿ ಬಂದಿದ್ದೇವೆ.